ಯಂತ್ರದ ಬರಹ ಮತ್ತು ಅದನ್ನು ತಿದ್ದಿದ ಕೈಗಳು

ಯಂತ್ರ ಹೆಣೆದ ಮಾತು ಮನುಷ್ಯರೇ ಬರೆದಂತೆ ಓದಿಸಿಕೊಳ್ಳಬೇಕೆಂಬ ಆಸೆ 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಳಕೆಗೆ ಬಂದ ಮೇಲೆ ಹುಟ್ಟಿದ್ದೆಂದು ಈಗ ಬಹುಮಂದಿ ಭಾವಿಸುತ್ತಾರೆ. ಆದರೆ ಆ ಆಸೆ ಗಣಕಯಂತ್ರದಷ್ಟೇ ಹಳೆಯದು, ಅದರ ಹಿಂದಿರುವ ಲೆಕ್ಕಾಚಾರವಂತೂ ಗಣಕಯಂತ್ರಕ್ಕಿಂತಲೂ ಹಳೆಯದು. ಈ ಕಥೆಯನ್ನು ಯಂತ್ರಗಳ ಏಳಿಗೆಯ ಕಥೆಯಾಗಿ ಹೇಳುವುದು ರೂಢಿ. ಆಯಾ ಕಾಲದ ಬರಹವನ್ನು ಹತ್ತಿರದಿಂದ ನೋಡಿದರೆ ಬೇರೊಂದು ಸಂಗತಿ ಕಣ್ಣಿಗೆ ಬೀಳುತ್ತದೆ: ಅದರಲ್ಲಿ ಸಹಜವೆನಿಸಿದ ಭಾಗ ಬಹುಪಾಲು ಯಾರೋ ಒಬ್ಬರು ಕೂತು ಮಾಡಿದ ಆಯ್ಕೆಯ ಅಥವಾ ತಿದ್ದುಪಡಿಯ ಫಲವಾಗಿರುತ್ತದೆ, ಮತ್ತು ಹಾಗೆ ದುಡಿದವರು ಹೆಚ್ಚಾಗಿ ತೆರೆಯ ಹಿಂದೆಯೇ ಉಳಿದಿರುತ್ತಾರೆ.

ಲೆಕ್ಕಾಚಾರದ ಮೂಲ ರಷ್ಯದಲ್ಲಿದೆ. ಗಣಿತಜ್ಞ ಆಂದ್ರೇ ಮಾರ್ಕೋವ್ 1913ರಲ್ಲಿ ಪುಷ್ಕಿನ್‌ನ ‘ಯೆವ್ಗೆನಿ ಒನೇಗಿನ್’ ಕಾವ್ಯದ ಮೊದಲ 20,000 ಅಕ್ಷರಗಳನ್ನು ಕೈಯಿಂದಲೇ ಎಣಿಸಿ, ಅವುಗಳಲ್ಲಿ 8,638 ಸ್ವರಗಳೂ 11,362 ವ್ಯಂಜನಗಳೂ ಇವೆಯೆಂದು ಕಂಡುಕೊಂಡು, ಒಂದು ಅಕ್ಷರ ಸ್ವರವೋ ವ್ಯಂಜನವೋ ಎಂಬುದು ಅದರ ಹಿಂದಿನ ಅಕ್ಷರವನ್ನು ಅವಲಂಬಿಸಿರುತ್ತದೆಂದು ತೋರಿಸಿದನು. ಹಿಂದಿನದನ್ನು ನೋಡಿ ಮುಂದಿನದನ್ನು ಊಹಿಸುವ ಈ ಸರಪಳಿಗೆ ಅವನ ಹೆಸರೇ ನಿಂತಿತು. ಅಮೆರಿಕದ ಕ್ಲಾಡ್ ಶ್ಯಾನನ್ 1948ರಲ್ಲಿ ಪ್ರಕಟಿಸಿದ ಸಂವಹನ ಸಿದ್ಧಾಂತದ ಪ್ರಬಂಧದಲ್ಲಿ ಇದನ್ನೇ ತಿರುಗಿಸಿ, ಎಣಿಕೆಯಿಂದ ಇಂಗ್ಲಿಷನ್ನು ಹುಟ್ಟಿಸುವ ಕ್ರಮವೊಂದನ್ನು ವಿವರಿಸಿದನು. ಅದಕ್ಕೆ ಯಂತ್ರವೂ ಬೇಕಿರಲಿಲ್ಲ, ಒಂದು ಪುಸ್ತಕ ಸಾಕಿತ್ತು. ಯಾವುದೋ ಪುಟವನ್ನು ತೆರೆದು ಒಂದು ಅಕ್ಷರವನ್ನು ಬರೆದುಕೊಳ್ಳುವುದು, ಬೇರೊಂದು ಪುಟ ತೆರೆದು ಆ ಅಕ್ಷರ ಮತ್ತೆ ಸಿಗುವವರೆಗೆ ಓದುತ್ತ ಹೋಗುವುದು, ಸಿಕ್ಕೊಡನೆ ಅದರ ಮುಂದಿನ ಅಕ್ಷರವನ್ನು ಬರೆದುಕೊಳ್ಳುವುದು, ಹೀಗೆಯೇ ಮುಂದುವರಿಯುವುದು. ಅಕ್ಷರಗಳ ಬದಲು ಪದಗಳಿಗೆ ಈ ಕ್ರಮವನ್ನು ಹೂಡಿದಾಗ ಬಂದ ಸಾಲುಗಳಲ್ಲಿ ಅಕ್ಕಪಕ್ಕದ ಎರಡು ಮೂರು ಪದಗಳು ಚೆನ್ನಾಗಿ ಹೊಂದಿಕೊಳ್ಳುತ್ತಿದ್ದವಾದರೂ ಇಡೀ ವಾಕ್ಯಕ್ಕೆ ತಲೆಬುಡ ಇರುತ್ತಿರಲಿಲ್ಲ. ಇಂದಿನ ಭಾಷಾ ಮಾದರಿಗಳೂ, ಅಂದರೆ ಅಪಾರ ಪಠ್ಯವನ್ನು ಅರಗಿಸಿಕೊಂಡು ಮುಂದಿನ ಪದವನ್ನು ಊಹಿಸುವ ಗಣಿತ ವ್ಯವಸ್ಥೆಗಳೂ, ಮೂಲತಃ ಮಾಡುವುದು ಈ ಕೆಲಸವನ್ನೇ. ವ್ಯತ್ಯಾಸವೆಂದರೆ ಅವು ಹಿಂದಿನ ಒಂದು ಪದವನ್ನಲ್ಲ, ಸಾವಿರಾರು ಪದಗಳನ್ನು ಒಟ್ಟಿಗೆ ನೋಡುತ್ತವೆ.

ಮನುಷ್ಯರಂತೆ ತೋರಿಸಿಕೊಳ್ಳುವುದಕ್ಕೆ ತಪ್ಪು ಮಾಡುವುದೂ ಒಂದು ಉಪಾಯವೆಂಬುದು ಆರಂಭದಲ್ಲೇ ಹೊಳೆದಿತ್ತು. ಗಣಿತಜ್ಞ ಅಲನ್ ಟ್ಯೂರಿಂಗ್ 1950ರಲ್ಲಿ ‘ಮೈಂಡ್’ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ, ಮರೆಯಲ್ಲಿರುವುದು ಯಂತ್ರವೋ ಮನುಷ್ಯನೋ ಎಂದು ಪ್ರಶ್ನೋತ್ತರದಿಂದಲೇ ಪತ್ತೆಮಾಡುವ ಆಟವೊಂದು ಬರುತ್ತದೆ. ಅಲ್ಲಿ 34957ಕ್ಕೆ 70764ನ್ನು ಕೂಡಿಸೆಂದು ಕೇಳಿದಾಗ, ಉತ್ತರಿಸುವವನು ಸುಮಾರು 30 ಸೆಕೆಂಡು ಸುಮ್ಮನಿದ್ದು 105621 ಎನ್ನುತ್ತಾನೆ. ಸರಿಯಾದ ಮೊತ್ತ 105721. ಓದುಗರಲ್ಲಿ ಎಷ್ಟೋ ಮಂದಿ ಕೂಡಿಸಿ ನೋಡದೆ ಮುಂದೆ ಹೋಗುತ್ತಾರೆ. ಆದರೆ ಅದೇ ಲೇಖನದ ಮುಂದಿನ ಭಾಗದಲ್ಲಿ ಟ್ಯೂರಿಂಗ್, ಈ ಆಟವಾಡುವ ಯಂತ್ರ ಪ್ರಶ್ನಿಸುವವರನ್ನು ದಾರಿ ತಪ್ಪಿಸಲು ಬೇಕೆಂದೇ ಲೆಕ್ಕ ತಪ್ಪುತ್ತದೆಂದು ಸ್ಪಷ್ಟವಾಗಿ ಹೇಳಿದ್ದಾನೆ. ತಡೆದು ಉತ್ತರಿಸುವುದು, ಎಡವುವುದು, ಎಡವಿದ್ದನ್ನು ಸಹಜವೆಂಬಂತೆ ಬಿಡುವುದು ಎಂಬ ಮೂರು ತಂತ್ರಗಳೂ ಅಲ್ಲಿವೆ. ಇಂದು ಹಣ ತೆಗೆದುಕೊಂಡು ಯಂತ್ರದ ಬರಹವನ್ನು ‘ಮಾನವೀಕರಿಸಿ’ ಕೊಡುವ ತಂತ್ರಾಂಶಗಳು ಇವುಗಳಿಗೆ ಹೆಚ್ಚೇನೂ ಸೇರಿಸಿಲ್ಲ.

ಟ್ಯೂರಿಂಗ್ ಕೆಲಸ ಮಾಡುತ್ತಿದ್ದ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಫೆರಾಂಟಿ ಮಾರ್ಕ್ 1 ಯಂತ್ರದ ಮೇಲೆಯೇ ಮನುಷ್ಯರಂತೆ ಬರೆಸುವ ಮೊದಲ ಪ್ರಯೋಗಗಳಲ್ಲೊಂದು ನಡೆಯಿತು. ಹ್ಯಾರೋ ಶಾಲೆಯಲ್ಲಿ ಮೇಷ್ಟರಾಗಿದ್ದ ಕ್ರಿಸ್ಟೊಫರ್ ಸ್ಟ್ರೇಚಿ 1952ರಲ್ಲಿ ಪ್ರೇಮಪತ್ರ ಬರೆಯುವ ಕಾರ್ಯಕ್ರಮವೊಂದನ್ನು, ಎಂದರೆ ಯಂತ್ರ ಹಂತಹಂತವಾಗಿ ಪಾಲಿಸಬೇಕಾದ ಆದೇಶಗಳ ಸಾಲನ್ನು, ಸಿದ್ಧಪಡಿಸಿದನು. ಪತ್ರಗಳು ಟೆಲಿಪ್ರಿಂಟರಿನಲ್ಲಿ ಅಚ್ಚಾಗಿ ಹೊರಬರುತ್ತಿದ್ದವು. ಕೆಳಗೆ ರುಜುವಿನ ಜಾಗದಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಗಣಕ ಎಂಬುದರ ಇಂಗ್ಲಿಷ್ ಮೊದಲಕ್ಷರಗಳಾದ ಎಂ.ಯು.ಸಿ. ಇರುತ್ತಿತ್ತು. ವಾಕ್ಯಕ್ಕೆ ಎರಡೇ ಅಚ್ಚುಗಳು. ನನ್ನ ಇಂಥ ಭಾವ ನಿನ್ನ ಇಂಥ ಗುಣವನ್ನು ಈ ಬಗೆಯಲ್ಲಿ ಬಯಸುತ್ತದೆ ಎನ್ನುವುದು ಒಂದು, ನೀನು ನನ್ನ ಇಂಥ ಭಾವ ಎನ್ನುವುದು ಇನ್ನೊಂದು. ಖಾಲಿ ಜಾಗಗಳಿಗೆ ಬೇಕಾದ ನಾಮಪದ, ವಿಶೇಷಣ, ಕ್ರಿಯಾಪದಗಳನ್ನು ಸ್ಟ್ರೇಚಿ ಇಂಗ್ಲಿಷಿನ ಹೆಸರಾಂತ ಸಮಾನಾರ್ಥಕ ಪದಕೋಶವಾದ ರೋಜೆಯ ಕೋಶದಿಂದ ಆರಿಸಿ ಪಟ್ಟಿ ಮಾಡಿದ್ದನು. ಯಾವ ಪದ ಎಲ್ಲಿಗೆ ಎಂಬುದನ್ನು ಯಂತ್ರದೊಳಗಿನ ಯಾದೃಚ್ಛಿಕ ಸಂಖ್ಯೆ, ಅಂದರೆ ದಾಳ ಹಾಕಿದಂತೆ ಬರುವ ಸಂಖ್ಯೆ, ತೀರ್ಮಾನಿಸುತ್ತಿತ್ತು. ವಿಶೇಷಣ ಇರಬೇಕೋ ಬೇಡವೋ ಎಂಬುದನ್ನೂ ದಾಳಕ್ಕೇ ಬಿಟ್ಟಿದ್ದರಿಂದ ಕೆಲವು ವಾಕ್ಯಗಳು ಗಿಡ್ಡವಾಗಿ, ಕೆಲವು ಉದ್ದವಾಗಿ ಬರುತ್ತಿದ್ದವು.

ಇಷ್ಟರಲ್ಲಿ ಒಂದು ಸಣ್ಣ ತಿದ್ದುಪಡಿ ಗಮನಾರ್ಹ. ಎರಡನೆಯ ಅಚ್ಚಿನ ವಾಕ್ಯಗಳು ಒಂದರ ಹಿಂದೊಂದು ಬಿದ್ದಾಗ ‘ನೀನು ನನ್ನ’, ‘ನೀನು ನನ್ನ’ ಎಂದು ಒಂದೇ ಮಾತು ಕಿವಿಗೆ ಬಡಿಯುತ್ತದೆಂಬುದನ್ನು ಸ್ಟ್ರೇಚಿ ಕಂಡುಕೊಂಡು, ಅಂಥಲ್ಲಿ ಎರಡನೆಯ ವಾಕ್ಯದ ತಲೆಯನ್ನು ಕತ್ತರಿಸಿ, ಮೊದಲನೆಯದಕ್ಕೆ ವಿವರಣ ಚಿಹ್ನೆಯೊಂದರಿಂದ ಅಂಟಿಸುವ ನಿಯಮ ಸೇರಿಸಿದನು. ಪುನರುಕ್ತಿ ದೋಷವೆಂದು ಅಲಂಕಾರಶಾಸ್ತ್ರವನ್ನು ಬಲ್ಲ ಯಾವ ಕನ್ನಡ ಓದುಗನಿಗೂ ಹೇಳಬೇಕಾಗಿಲ್ಲ. ಆದರೆ ಯಂತ್ರಕ್ಕೆ ಅದನ್ನು ಯಾರಾದರೂ ಹೇಳಬೇಕಿತ್ತು. ಆ ಪತ್ರಗಳನ್ನು 1954ರಲ್ಲಿ ‘ಎನ್‌ಕೌಂಟರ್’ ಪತ್ರಿಕೆಯಲ್ಲಿ ಓದಿದವರಿಗೆ ಯಂತ್ರದ ಉತ್ಸಾಹ ತಮಾಷೆಯಾಗಿ ಕಂಡಿರಬಹುದು. ಆ ತಮಾಷೆಯ ಲಯ ಮಾತ್ರ ಸ್ಟ್ರೇಚಿಯ ಕಿವಿಯದು.

ಇದೇ ಹೊತ್ತಿನಲ್ಲಿ ಭಾಷಾಂತರದ ಕ್ಷೇತ್ರದಲ್ಲಿ ತಿದ್ದುಗಾರನೆಂಬ ಹೊಸ ಕಸುಬುದಾರ ಹುಟ್ಟಿಕೊಂಡನು. 1954ರ ಜನವರಿಯಲ್ಲಿ ಜಾರ್ಜ್‌ಟೌನ್ ವಿಶ್ವವಿದ್ಯಾಲಯವೂ ಐಬಿಎಂ ಸಂಸ್ಥೆಯೂ ಸೇರಿ, 250 ಪದಗಳ ಶಬ್ದಸಂಗ್ರಹ ಮತ್ತು 6 ವ್ಯಾಕರಣ ನಿಯಮಗಳನ್ನು ಇಟ್ಟುಕೊಂಡು, ಅರುವತ್ತಕ್ಕೂ ಹೆಚ್ಚು ರಷ್ಯನ್ ವಾಕ್ಯಗಳನ್ನು ಇಂಗ್ಲಿಷಿಗೆ ತಂದು ತೋರಿಸಿದವು. ಪ್ರದರ್ಶನಕ್ಕೆ ವಾಕ್ಯಗಳನ್ನು ಆರಿಸಿಟ್ಟಿದ್ದರಿಂದ ಫಲಿತಾಂಶ ನುಣುಪಾಗಿತ್ತು. ಆರಿಸದ ವಾಕ್ಯಗಳು ಯಂತ್ರದಿಂದ ಹೊರಬಂದಾಗ ಅವನ್ನು ಓದಲು ಯೋಗ್ಯವಾಗಿಸಲು ಪೋಸ್ಟ್-ಎಡಿಟರ್ ಎಂಬ ನೌಕರ ಬೇಕಾದನು. ಅಮೆರಿಕ ಸರ್ಕಾರ ನೇಮಿಸಿದ ಅಲ್ಪ್ಯಾಕ್ ಸಮಿತಿ 1966ರ ತನ್ನ ವರದಿಯಲ್ಲಿ, ಹೀಗೆ ತಿದ್ದಿದ ಯಂತ್ರಾನುವಾದ ನೇರವಾಗಿ ಮನುಷ್ಯರಿಂದ ಮಾಡಿಸಿದ ಅನುವಾದಕ್ಕಿಂತ ಹೆಚ್ಚು ಸಮಯವನ್ನೂ ಹೆಚ್ಚು ಹಣವನ್ನೂ ಬೇಡುತ್ತದೆಂದು ತೋರಿಸಿತು. ಆ ವರದಿಯ ನಂತರ ಅಲ್ಲಿ ಈ ಸಂಶೋಧನೆಗೆ ಹಣದ ಹರಿವು ಬತ್ತಿತು. ಕೆಟ್ಟ ಬರಹವನ್ನು ತಿದ್ದುವುದಕ್ಕಿಂತ ಹೊಸದಾಗಿ ಬರೆಯುವುದೇ ಸುಲಭವೆಂದು ಯಾವ ಉಪಸಂಪಾದಕನಾದರೂ ಸಮಿತಿಯ ನೆರವಿಲ್ಲದೆ ಹೇಳುತ್ತಿದ್ದನು.

ಅದೇ 1966ರಲ್ಲಿ ಜೋಸೆಫ್ ವೈಝೆನ್‌ಬಾಮ್ ಪ್ರಕಟಿಸಿದ ‘ಎಲೈಜಾ’ ಎಂಬ ಸಂವಾದ ಕಾರ್ಯಕ್ರಮ ಬಳಕೆದಾರರ ಮಾತನ್ನೇ ಪ್ರಶ್ನೆಯಾಗಿ ತಿರುಗಿಸಿ ಕೇಳುವ ಮನೋವೈದ್ಯನ ಪಾತ್ರ ಧರಿಸಿತು. ಹೊರಜಗತ್ತಿನ ಬಗ್ಗೆ ಏನೂ ತಿಳಿಯದಿದ್ದರೂ ಸಹಜವಾಗಿ ಮಾತಾಡಬಹುದಾದ ಕೆಲವೇ ಪಾತ್ರಗಳಲ್ಲಿ ಅದೊಂದು ಎಂದು ಆತ ವಿಚಾರ ಮಾಡಿಯೇ ಅದನ್ನು ಆರಿಸಿದ್ದನು. ಹತ್ತು ವರ್ಷಗಳ ಬಳಿಕ, 1976ರಲ್ಲಿ, ಯೇಲ್ ವಿಶ್ವವಿದ್ಯಾಲಯದ ಜೇಮ್ಸ್ ಮೀಹನ್ ರೂಪಿಸಿದ ‘ಟೇಲ್‌ಸ್ಪಿನ್’ ಎಂಬ ಕಥೆಗಾರ ಯಂತ್ರ ಈ ಜಾಣ್ಮೆಯಿಲ್ಲದೆ ಸಿಕ್ಕಿಬಿತ್ತು. ಅದರ ಒಂದು ಕಥೆಯಲ್ಲಿ ಕರಡಿ ಜೇನು ಎಲ್ಲಿದೆಯೆಂದು ಹಕ್ಕಿಯನ್ನು ಕೇಳುತ್ತದೆ, ಹಕ್ಕಿ ಓಕ್ ಮರದಲ್ಲಿ ಜೇನುಗೂಡಿದೆ ಎನ್ನುತ್ತದೆ, ಕರಡಿ ಜೇನು ಎಲ್ಲಿದೆಯೆಂದು ಹೇಳದಿದ್ದರೆ ಹೊಡೆಯುತ್ತೇನೆಂದು ಹಕ್ಕಿಯನ್ನು ಬೆದರಿಸುತ್ತದೆ. ಜೇನುಗೂಡಿನಲ್ಲಿ ಜೇನು ಇರುತ್ತದೆಂಬುದನ್ನು ಯಂತ್ರಕ್ಕೆ ಯಾರೂ ಹೇಳಿರಲಿಲ್ಲ. ವಾಕ್ಯಗಳಲ್ಲಿ ವ್ಯಾಕರಣದ ತಪ್ಪಿಲ್ಲ, ಲೋಕಜ್ಞಾನವಿಲ್ಲ. 1984ರಲ್ಲಿ ಗಣಕಯಂತ್ರ ಬರೆದ ಮೊದಲ ಪುಸ್ತಕವೆಂಬ ಹೆಗ್ಗಳಿಕೆಯೊಂದಿಗೆ ಬಂದ ಕೃತಿಯನ್ನು ಬರೆದ ಕಾರ್ಯಕ್ರಮವಾದ ‘ರ‍್ಯಾಕ್ಟರ್’ನ ಗದ್ಯ ನುಣುಪಾಗಿಯೇ ಇತ್ತು, ಆದರೆ ವಾಕ್ಯಗಳ ಅಚ್ಚುಗಳನ್ನು ಮುಂಚಿತವಾಗಿ ಬರೆದಿಟ್ಟವರೂ, ಬಂದ ಸಾಲುಗಳಲ್ಲಿ ಒಳ್ಳೆಯದನ್ನು ಹೆಕ್ಕಿದವರೂ ಮನುಷ್ಯರೆಂಬುದನ್ನು ವಿಮರ್ಶಕರು ಕ್ರಮೇಣ ಎತ್ತಿ ತೋರಿಸಿದರು.

ಈ ಆಡಂಬರಗಳಿಗಿಂತ ಹೆಚ್ಚು ಕಲಿಸುವುದು ಹವಾಮಾನ ವರದಿಯ ಚರಿತ್ರೆ, ಅದು ಯಾರ ಬಾಯಲ್ಲೂ ಇಲ್ಲದಿದ್ದರೂ. ಕೆನಡಾದಲ್ಲಿ ಹವಾಮಾನ ಪ್ರಕಟಣೆಗಳನ್ನು ಇಂಗ್ಲಿಷಿನಿಂದ ಫ್ರೆಂಚಿಗೆ ತರುವ ಕೆಲಸ ಎಷ್ಟು ಬೇಸರದ್ದೆಂದರೆ ಭಾಷಾಂತರಕಾರರು ಅದರಲ್ಲಿ ಬಹುಕಾಲ ನಿಲ್ಲುತ್ತಿರಲಿಲ್ಲ; 1977ರಿಂದ 2001ರವರೆಗೆ ಆ ಕೆಲಸವನ್ನು ‘ಮೆಟಿಯೋ’ ಎಂಬ ವ್ಯವಸ್ಥೆ ಮಾಡಿತು. ಮಳೆ, ಮೋಡ, ಗಾಳಿ, ಉಷ್ಣಾಂಶಗಳ ಆಚೆ ಹೋಗದ ಕಟ್ಟುನಿಟ್ಟಿನ ಭಾಷೆಯಾದ್ದರಿಂದ ಅಲ್ಲಿ ತಿದ್ದುವವರಿಗೆ ಉಳಿಯುತ್ತಿದ್ದುದು ಅತ್ಯಲ್ಪ. ಸ್ಕಾಟ್ಲೆಂಡಿನ ಅಬರ್‌ಡೀನ್ ವಿಶ್ವವಿದ್ಯಾಲಯದಲ್ಲಿ ಎಹುದ್ ರೈಟರ್ ಮತ್ತು ಸಂಗಡಿಗರು ರೂಪಿಸಿದ ‘ಸಮ್‌ಟೈಮ್-ಮೌಸಮ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಉತ್ತರ ಸಮುದ್ರದ ತೈಲಬಾವಿಗಳಲ್ಲಿ ದುಡಿಯುವವರಿಗಾಗಿ, ಬರಿಯ ಅಂಕಿಗಳಿಂದ ಗಾಳಿಯ ಮುನ್ಸೂಚನೆಯನ್ನು ವಾಕ್ಯಗಳಲ್ಲಿ ಬರೆಯುವುದು ಅದರ ಕೆಲಸವಾಗಿತ್ತು. ಮಾದರಿಗಾಗಿ ಅವರು ಹವಾಮಾನ ತಜ್ಞರು ಬರೆದ ಸಾವಿರಕ್ಕೂ ಹೆಚ್ಚು ವರದಿಗಳನ್ನು ಅಂಕಿಗಳೊಂದಿಗೆ ತಾಳೆ ನೋಡಿದಾಗ ಅಚ್ಚರಿಯೊಂದು ಎದುರಾಯಿತು: ‘ಸಂಜೆಯ ವೇಳೆಗೆ’ ಎಂಬ ಮಾತು ಕೆಲವು ತಜ್ಞರ ಬರಹದಲ್ಲಿ ಸಂಜೆ 6 ಗಂಟೆಯನ್ನೂ, ಇನ್ನು ಕೆಲವರ ಬರಹದಲ್ಲಿ ನಡುರಾತ್ರಿ 12 ಗಂಟೆಯನ್ನೂ ಸೂಚಿಸುತ್ತಿತ್ತು. ಬರೆದವರಿಗೆ ಇದು ಸಹಜ, ದೋಣಿ ಹೊರಡಿಸಬೇಕಾದವರಿಗೆ ಅಪಾಯ. ಸಂಶೋಧಕರು ಯಂತ್ರಕ್ಕೆ ಗೊಂದಲವಿಲ್ಲದ ಪದಗಳನ್ನಷ್ಟೇ ಕೊಟ್ಟು, ಒಂದು ಪದಕ್ಕೆ ಒಂದೇ ಅರ್ಥವೆಂದು ಕಟ್ಟುಹಾಕಿದರು. 2005ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಓದುಗರು ಪದಬಳಕೆಯ ವಿಷಯದಲ್ಲಿ ತಜ್ಞರ ಬರಹಕ್ಕಿಂತ ಯಂತ್ರದ ಬರಹವನ್ನು ಮೆಚ್ಚಿದರು. ಮನುಷ್ಯರನ್ನು ಅನುಕರಿಸುವುದನ್ನು ಬಿಟ್ಟು, ಓದುವವರಿಗೆ ಏನು ಬೇಕೆಂದು ಯೋಚಿಸಿದ ಈ ಒಂದು ಪ್ರಯತ್ನ ಇಡೀ ಚರಿತ್ರೆಯಲ್ಲಿ ಅತ್ಯಂತ ವಿವೇಕದ್ದು ಎನ್ನಬೇಕು.

ಅಂಥದೇ ವಿವೇಕ ಭಾರತದಲ್ಲಿ, ಕನ್ನಡವನ್ನೂ ಒಳಗೊಂಡು, ಬೇರೊಂದು ರೂಪದಲ್ಲಿ ಕಾಣಿಸಿಕೊಂಡಿತ್ತು. ವಿನೀತ್ ಚೈತನ್ಯ, ರಾಜೀವ್ ಸಂಗಲ್ ಮೊದಲಾದವರು ‘ಅಕ್ಷರ ಭಾರತಿ’ ಎಂಬ ಸಾಮೂಹಿಕ ಹೆಸರಿನಲ್ಲಿ, ಕಾನ್ಪುರದ ಐಐಟಿಯಲ್ಲೂ ಬಳಿಕ ಹೈದರಾಬಾದಿನಲ್ಲೂ, ಪಾಣಿನಿಯ ಕಾರಕ ವಿಚಾರವನ್ನು, ಅಂದರೆ ಕ್ರಿಯೆಗೂ ಅದರಲ್ಲಿ ಪಾಲ್ಗೊಳ್ಳುವ ಕರ್ತೃ, ಕರ್ಮ, ಕರಣಗಳಿಗೂ ಇರುವ ಸಂಬಂಧದ ವಿಚಾರವನ್ನು ಆಧರಿಸಿ ‘ಅನುಸಾರಕ’ ಎಂಬ ವ್ಯವಸ್ಥೆಯನ್ನು ಬೆಳೆಸಿದರು. ಕನ್ನಡ, ತೆಲುಗು, ಮರಾಠಿ, ಬಂಗಾಳಿ, ಪಂಜಾಬಿ ಪಠ್ಯಗಳನ್ನು ಹಿಂದಿ ಓದುಗರಿಗೆ ತಲುಪಿಸುವುದು ಅದರ ಗುರಿ. ಇತರರು ಸಹಜವಾದ ಹಿಂದಿಗಾಗಿ ತಿಣುಕುತ್ತಿದ್ದಾಗ, ಇವರು ಸಹಜತೆಯನ್ನು ತಿಳಿದೇ ಬಿಟ್ಟುಕೊಟ್ಟರು. ಮೂಲದಲ್ಲಿ ಇರುವುದಷ್ಟನ್ನೇ, ಅದು ಇರುವ ಕ್ರಮದಲ್ಲೇ, ಹಿಂದಿಗೆ ವಿಚಿತ್ರವೆನಿಸಿದರೂ ಕೊಡಬೇಕು, ನುಣುಪುಗೊಳಿಸುವುದು ಬೇಕಾದರೆ ಅದನ್ನು ಮನುಷ್ಯರು ಮಾಡಲಿ ಎಂಬುದು ಅವರ ನಿಲುವು.

ಇದರ ಕಾರಣ ಕನ್ನಡದ ಒಂದು ಪುಟ್ಟ ರೂಪದಲ್ಲೇ ಸಿಗುತ್ತದೆ. ‘ತಿಂದ ಹುಡುಗ’, ‘ತಿಂದ ಹಣ್ಣು’, ‘ತಿಂದ ತಟ್ಟೆ’ ಎಂಬ ಮೂರರಲ್ಲೂ ‘ತಿಂದ’ ಎಂಬ ಕೃದಂತ ಒಂದೇ. ತಿಂದವನು ಹುಡುಗ, ತಿನ್ನಿಸಿಕೊಂಡದ್ದು ಹಣ್ಣು, ತಿಂದ ಜಾಗ ತಟ್ಟೆ ಎಂಬುದನ್ನು ಕನ್ನಡ ಹೇಳುವುದಿಲ್ಲ, ಕೇಳುವವರು ಲೋಕಜ್ಞಾನದಿಂದ ತುಂಬಿಕೊಳ್ಳುತ್ತಾರೆ. ಹಿಂದಿಯಲ್ಲಾದರೋ ‘ಜೋ’, ‘ಜಿಸನೇ’, ‘ಜಿಸಮೇ’ ಎಂಬವುಗಳಲ್ಲಿ ಒಂದನ್ನು ಆರಿಸದೆ ವಾಕ್ಯ ಮುಂದುವರಿಯದು. ಯಂತ್ರ ತಪ್ಪಾಗಿ ಆರಿಸಿದರೆ ವಾಕ್ಯ ಸೊಗಸಾಗಿ ಕೇಳಿಸಿ ಅರ್ಥ ಕೆಡುತ್ತದೆ. ಆದ್ದರಿಂದ ಅನುಸಾರಕ ‘ಜೋ’ ಎಂಬ ಪದದ ಪಕ್ಕದಲ್ಲಿ ನಕ್ಷತ್ರ ಚಿಹ್ನೆಯೊಂದನ್ನಿಟ್ಟು, ಸಂಬಂಧವನ್ನು ನೀವೇ ಊಹಿಸಿಕೊಳ್ಳಿ ಎಂದು ಓದುಗರಿಗೆ ಸೂಚಿಸುತ್ತಿತ್ತು. ಆ ನಕ್ಷತ್ರದಷ್ಟು ಪ್ರಾಮಾಣಿಕವಾದ ಚಿಹ್ನೆ ಯಂತ್ರಲೇಖನದ ಚರಿತ್ರೆಯಲ್ಲಿ ಮತ್ತೊಂದಿಲ್ಲ. ನಂತರ ಬಂದ ವ್ಯವಸ್ಥೆಗಳು ಆ ದಾರಿ ಹಿಡಿಯಲಿಲ್ಲ. 2011ರಲ್ಲಿ ಕನ್ನಡವನ್ನು ಸೇರಿಸಿಕೊಂಡು, 2017ರಲ್ಲಿ ನರಜಾಲ ವಿಧಾನಕ್ಕೆ ಬದಲಾದ ಗೂಗಲ್ ಅನುವಾದ, ಸಂದೇಹವಿದ್ದಲ್ಲೂ ಒಂದನ್ನು ಆರಿಸಿ ಸರಾಗವಾಗಿ ಹೇಳಿಬಿಡುತ್ತದೆ.

ನರಜಾಲವೆಂದರೆ ಉದಾಹರಣೆಗಳಿಂದ ತಾನೇ ಲೆಕ್ಕ ಹೊಂದಿಸಿಕೊಳ್ಳುವ ಗಣಿತರಚನೆ. ಅದರಿಂದ ವಾಕ್ಯಗಳು ತಡವರಿಸದೆ ಬರತೊಡಗಿದಾಗ ಸಮಸ್ಯೆಯ ಮುಖ ಬದಲಾಯಿತು. 2019ರಲ್ಲಿ ಆರಿ ಹೋಲ್ಟ್ಸ್‌ಮನ್ ಮತ್ತು ಸಂಗಡಿಗರು, ಜಿಪಿಟಿ-2 ಎಂಬ ಮಾದರಿ ಪ್ರತಿ ಹೆಜ್ಜೆಯಲ್ಲೂ ಅತಿ ಸಂಭವನೀಯವಾದುದನ್ನೇ ಆರಿಸುತ್ತ ಹೋದರೆ ಕೆಲವೇ ಸಾಲುಗಳಲ್ಲಿ ಅದೇ ಪದಗುಚ್ಛದ ಸುಳಿಗೆ ಸಿಕ್ಕುತ್ತದೆಂದೂ, ಮನುಷ್ಯರ ಬರಹದಲ್ಲಿ ಪದಗಳ ಸಂಭಾವ್ಯತೆ ಏರುತ್ತ ಇಳಿಯುತ್ತ ಹೋಗುತ್ತದೆಂದೂ ತೋರಿಸಿದರು. ಮನುಷ್ಯರು ಆಗಾಗ ಅನಿರೀಕ್ಷಿತ ಪದವನ್ನು ಬಳಸುತ್ತಾರೆ. ಹಾಗಾಗಿ ಸಂಭವನೀಯ ಪದಗಳ ಮೇಲ್ತುದಿಯ ಗುಂಪೊಂದರಿಂದ ದಾಳ ಹಾಕಿ ಆರಿಸುವ ವಿಧಾನವನ್ನು ಅವರು ಸೂಚಿಸಿದರು. ಸ್ಟ್ರೇಚಿಯ ದಾಳ ಅರುವತ್ತೇಳು ವರ್ಷಗಳ ಬಳಿಕ ಹೀಗೆ ಮರಳಿತು.

ದಾಳದಿಂದ ಸುಳಿ ತಪ್ಪಿತು, ಆದರೆ ದನಿ ಹುಟ್ಟಲಿಲ್ಲ. 2022ರಲ್ಲಿ ಓಪನ್‌ಎಐ ಸಂಸ್ಥೆ ಪ್ರಕಟಿಸಿದ ‘ಇನ್‌ಸ್ಟ್ರಕ್ಟ್‌ಜಿಪಿಟಿ’ ಪ್ರಬಂಧದ ಪ್ರಕಾರ ಸುಮಾರು 40 ಮಂದಿ ಗುತ್ತಿಗೆ ಕೆಲಸಗಾರರು ಮಾದರಿ ಉತ್ತರಗಳನ್ನು ಬರೆದುಕೊಟ್ಟು, ಯಂತ್ರ ಕೊಟ್ಟ ಉತ್ತರಗಳಲ್ಲಿ ಯಾವುದು ಮೇಲು ಯಾವುದು ಕೀಳೆಂದು ಸಾಲುಹಚ್ಚಿದರು. ಅವರ ಮೆಚ್ಚುಗೆಯನ್ನು ಕಲಿತ 130 ಕೋಟಿ ನಿಯತಾಂಕಗಳ ಚಿಕ್ಕ ಮಾದರಿಯ ಉತ್ತರಗಳು, ಅದಕ್ಕಿಂತ ನೂರು ಪಟ್ಟಿಗೂ ಹೆಚ್ಚು ದೊಡ್ಡದಾದ 17,500 ಕೋಟಿ ನಿಯತಾಂಕಗಳ ಜಿಪಿಟಿ-3ರ ಉತ್ತರಗಳಿಗಿಂತ ಹಿಡಿಸಿದವು. ನಿಯತಾಂಕಗಳೆಂದರೆ ಕಲಿಕೆಯಲ್ಲಿ ಹೊಂದಿಸಲ್ಪಡುವ ಸಂಖ್ಯೆಗಳು. ನಲವತ್ತು ಮಂದಿಯ ಅಭಿರುಚಿ ಯಂತ್ರದ ಗಾತ್ರವನ್ನೇ ಮೀರಿಸಿತೆಂದು ಇದರರ್ಥ. ಎಲ್ಲರಿಗೂ ಒಪ್ಪಿಗೆಯಾಗುವ ಉತ್ತರವನ್ನು ಬಹುಮಾನಿಸುತ್ತ ಹೋದುದರ ಫಲವಾಗಿ ಆ ಬರಹ ಸಭ್ಯವೂ ಸಮತೂಕವೂ ಆಗಿ, ಯಾರ ಬರಹವೂ ಅಲ್ಲದಂತಾಯಿತು ಎಂದರೆ ತಪ್ಪಾಗಲಾರದು. ವೈದ್ಯಕೀಯ ಪ್ರಬಂಧಗಳ ಒಂದು ಕೋಟಿಗೂ ಹೆಚ್ಚು ಸಾರಾಂಶಗಳನ್ನು 2024ರಲ್ಲಿ ಪರಿಶೀಲಿಸಿದ ಸಂಶೋಧಕರು ‘ಡೆಲ್ವ್’ ಮೊದಲಾದ ಕೆಲವು ಇಂಗ್ಲಿಷ್ ಪದಗಳು ಹಠಾತ್ತನೆ ಏರಿದುದನ್ನು ಆಧರಿಸಿ, ಆ ವರ್ಷದ ಸಾರಾಂಶಗಳಲ್ಲಿ ಕಡಿಮೆಯೆಂದರೂ ಹತ್ತರಲ್ಲೊಂದಕ್ಕೆ ಯಂತ್ರದ ಕೈ ತಗುಲಿದೆಯೆಂದು ಅಂದಾಜಿಸಿದರು.

ಪತ್ತೆಹಚ್ಚುವ ಪ್ರಯತ್ನಗಳ ಪಾಡು ನಗೆಪಾಟಲು. ಓಪನ್‌ಎಐ 2023ರ ಜನವರಿಯಲ್ಲಿ ಬಿಡುಗಡೆ ಮಾಡಿದ ಪತ್ತೆ ಸಾಧನ, ಆ ಸಂಸ್ಥೆಯೇ ಹೇಳಿದಂತೆ, ಯಂತ್ರದ ಬರಹಗಳಲ್ಲಿ ಶೇ. 26ನ್ನು ಮಾತ್ರ ಗುರುತಿಸಿ, ಮನುಷ್ಯರ ಬರಹಗಳಲ್ಲಿ ಶೇ. 9ನ್ನು ಯಂತ್ರದ್ದೆಂದು ತಪ್ಪಾಗಿ ಹೇಳುತ್ತಿತ್ತು. ನಿಖರತೆ ಸಾಲದೆಂದು ಅದೇ ವರ್ಷದ ಜುಲೈನಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಅದೇ ವರ್ಷ, ಇಂಗ್ಲಿಷ್ ಮನೆಮಾತಲ್ಲದವರು ಟೋಫೆಲ್ ಪರೀಕ್ಷೆಗಾಗಿ ಬರೆದ 91 ಪ್ರಬಂಧಗಳನ್ನು 7 ಪತ್ತೆ ಸಾಧನಗಳಿಗೆ ಒಡ್ಡಿದಾಗ, ಸರಾಸರಿ ಶೇ. 61ರಷ್ಟು ಪ್ರಬಂಧಗಳು ಯಂತ್ರದವೆಂಬ ತೀರ್ಪು ಬಂತು. ಕಲಿತ ಭಾಷೆಯಲ್ಲಿ ಬರೆಯುವವರು ಪರಿಚಿತವಾದ ಪದಗಳನ್ನೇ ಜೋಪಾನವಾಗಿ ಬಳಸುವುದು ಅದಕ್ಕೆ ಕಾರಣ. ಅದೇ ಪ್ರಬಂಧಗಳ ಪದಸಂಪತ್ತನ್ನು ಇಂಗ್ಲಿಷ್ ಮನೆಮಾತಾದವರ ಮಟ್ಟಕ್ಕೆ ಹೆಚ್ಚಿಸೆಂದು ಚಾಟ್‌ಜಿಪಿಟಿಗೆ ಕೊಟ್ಟು ತಿದ್ದಿಸಿದ ಮೇಲೆ ಆ ಪ್ರಮಾಣ ಶೇ. 12ರ ಆಸುಪಾಸಿಗೆ ಇಳಿಯಿತು. ಮನುಷ್ಯರು ತಾವು ಮನುಷ್ಯರೆಂದು ಸಾಧಿಸಲು ಯಂತ್ರದ ನೆರವು ಪಡೆಯಬೇಕಾದ ಈ ಪ್ರಸಂಗದಲ್ಲಿ ತಿದ್ದುವವರೂ ತಿದ್ದಿಸಿಕೊಳ್ಳುವವರೂ ಜಾಗ ಬದಲಾಯಿಸಿಕೊಂಡಿದ್ದರು.

ಕನ್ನಡದ ಪಾಡು ಇನ್ನೊಂದು ಬಗೆಯದು. ಇಂಗ್ಲಿಷ್ ಪಠ್ಯವನ್ನು ನೆಚ್ಚಿ ರೂಪುಗೊಂಡ ಮೊದಲ ಮಾದರಿಗಳಿಗೆ ಕನ್ನಡ ಲಿಪಿ ಪುಡಿಪುಡಿಯಾಗಿ ಕಾಣುತ್ತಿತ್ತು. ಯೂನಿಕೋಡಿನ ಪ್ರಚಲಿತ ಸಂಕೇತಕ್ರಮದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕಾದರೆ ಕನ್ನಡದ ಪ್ರತಿ ಮೂಲ ಚಿಹ್ನೆಗೂ 3 ಬೇಕು. ‘ರಾಷ್ಟ್ರ’ ಎಂಬ ಎರಡೇ ಅಕ್ಷರಗಳ ಪದ ಒಳಗೆ 7 ಚಿಹ್ನೆಗಳಾಗಿ 21 ಬೈಟುಗಳನ್ನು ತುಂಬುತ್ತದೆ. ಲಿಪಿಯ ತೊಡಕು ಈಗ ಬಹುಮಟ್ಟಿಗೆ ನೀಗಿದರೂ ವಾಕ್ಯದ ತೊಡಕು ನೀಗಿಲ್ಲ. ‘ಪತ್ರ ಬರೆದಳು’ ಎನ್ನಬೇಕಾದಲ್ಲಿ ‘ಅವಳಿಂದ ಒಂದು ಪತ್ರವು ಬರೆಯಲ್ಪಟ್ಟಿತು’ ಎನ್ನುವುದು, ಬೇಡದಲ್ಲೆಲ್ಲ ‘ಒಂದು’ ತೂರಿಸುವುದು, ‘ಮನೆಗೆ ಬಂದ ನೆಂಟರು’ ಎಂದು ಮುಗಿಯುವುದನ್ನು ‘ಯಾವ ನೆಂಟರು ಮನೆಗೆ ಬಂದರೋ ಅವರು’ ಎಂದು ಎಳೆಯುವುದು ಯಂತ್ರದ ಕನ್ನಡದ ಗುರುತುಗಳು. ಇವನ್ನು ಯಂತ್ರವೇ ಹುಟ್ಟಿಸಿತೆನ್ನುವುದು ಅನ್ಯಾಯ. ಸರ್ಕಾರಿ ಸುತ್ತೋಲೆಗಳಲ್ಲೂ ಅವಸರದ ಅನುವಾದಗಳಲ್ಲೂ ಈ ‘ಲ್ಪಟ್ಟ’ ಕನ್ನಡ ಬಹುಕಾಲದಿಂದ ಬೀಡುಬಿಟ್ಟಿದೆ, ಮತ್ತು ಯಂತ್ರ ಕಲಿತ ಕನ್ನಡದ ರಾಶಿಯಲ್ಲಿ ಅದಕ್ಕೂ ಪಾಲಿದೆ.

ಅದನ್ನು ತಿದ್ದುವ ವಿದ್ಯೆಯೂ ಕನ್ನಡಕ್ಕೆ ಹೊಸದಲ್ಲ. ಮುದ್ರಣಾಲಯಗಳಲ್ಲಿ ಕರಡಚ್ಚು ತಿದ್ದುವವರು ಕೆಂಪು ಶಾಯಿಯಲ್ಲಿ ಇಂಥ ‘ಒಂದು’ಗಳನ್ನು ಹೊಡೆದುಹಾಕುತ್ತ, ‘ಲ್ಪಟ್ಟಿತು’ಗಳನ್ನು ಕರ್ತರಿಗೆ ತಿರುಗಿಸುತ್ತ, ಸಾಲಿನ ಅಂಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆಯಿಡುತ್ತ ಬಂದಿದ್ದಾರೆ, ಅವರಲ್ಲಿ ಹೆಚ್ಚಿನವರ ಹೆಸರು ಪುಸ್ತಕದ ಯಾವ ಪುಟದಲ್ಲೂ ಸಿಗದು. ಯಂತ್ರದ ನೆರವಿನಿಂದ ಸಿದ್ಧವಾಗುವ ಕನ್ನಡ ಪುಸ್ತಕಗಳು ಇನ್ನು ಮುಂದೆ ಹೆಚ್ಚಲಿವೆ. ಅವುಗಳ ಪ್ರಕಾಶಕರು ಯಂತ್ರದ ಹೆಸರನ್ನು ಅಚ್ಚುಮಾಡಲಿ ಬಿಡಲಿ, ತಿದ್ದಿದವರ ಹೆಸರನ್ನು ಶೀರ್ಷಿಕೆ ಪುಟದ ಬೆನ್ನಿನಲ್ಲಾದರೂ ಅಚ್ಚುಮಾಡಬೇಕು.